ಏರ್ ಫಿಲ್ಟರ್ ಸ್ಕ್ರೂಗೆ ನೇಲ್ ಪಾಲಿಶ್

10,000 ಕಿಲೋಮೀಟರಿನ ಸರ್ವಿಸಿಗೆ ಬಿಡುವ ಹಿಂದಿನ ರಾತ್ರಿ ಮಗಳ ನೇಲ್ ಪಾಲಿಶ್ ಕದ್ದು, ಬೈಕಿನ ಏರ್ ಫಿಲ್ಟರ್ ಡಬ್ಬಿಯ ಸ್ಕ್ರೂಗೂ ಮುಚ್ಚಳಕ್ಕೂ ಸೇರಿಸಿ ಒಂದು ಚುಕ್ಕೆ ಇಟ್ಟೆ. ಮರುದಿನ ಸಂಜೆ ಗಾಡಿ ಕೈಗೆ ಬಂತು. ಬಿಲ್ಲಿನಲ್ಲಿ ‘ಏರ್ ಫಿಲ್ಟರ್ ಕ್ಲೀನಿಂಗ್’ ಇತ್ತು. ಚುಕ್ಕೆ ಚೂರೂ ಬಿರಿದಿರಲಿಲ್ಲ, ಅಂದರೆ ಸ್ಕ್ರೂ ಬಿಚ್ಚಿಯೇ ಇರಲಿಲ್ಲ.

ಶೋರೂಮಿನ ಸರ್ವಿಸ್ ಅಡ್ವೈಸರ್ ಹುಡುಗನನ್ನು ಕರೆದು ತೋರಿಸಿದೆ. ಬಗ್ಗಿ ನೋಡಿ, ತಲೆ ಕೆರೆದುಕೊಂಡು, “ಇವತ್ತು ನಲವತ್ತು ಗಾಡಿ ಬಂದಿದ್ವು ಸಾರ್” ಅಂದ. ಸುಳ್ಳು ಹೇಳಲಿಲ್ಲವಲ್ಲ ಅಂತ ನಾನೂ ಸುಮ್ಮನಾದೆ. ಎದುರಿಗೇ ಬಿಚ್ಚಿಸಿ ಕ್ಲೀನ್ ಮಾಡಿಸಿಕೊಂಡು ಬಂದೆ.

ನಾನು ಮೇಷ್ಟ್ರು. ಮನೆ ತೀರ್ಥಹಳ್ಳಿ, ಶಾಲೆ ಆಗುಂಬೆ ಕಡೆ, ಹೋಗಿಬರೋದಕ್ಕೆ ದಿನಕ್ಕೆ 64 ಕಿ.ಮೀ. ವಾರಂಟಿ 3 ವರ್ಷ ಅಥವಾ 30,000 ಕಿ.ಮೀ., ಯಾವುದು ಮೊದಲೋ ಅದು. ನನ್ನ ಓಡಾಟಕ್ಕೆ ಎರಡು ವರ್ಷವೂ ಬಾಳುವುದಿಲ್ಲ. ಶೋರೂಮಿರೋದು ಶಿವಮೊಗ್ಗದಲ್ಲಿ, ಪ್ರತಿ ಸರ್ವಿಸಿಗೂ ಒಂದು ರಜೆ ಖರ್ಚು.

ಆದರೂ ತಪ್ಪಿಸಿಲ್ಲ. ಕಾರಣ, ಹೋದ ಮಳೆಗಾಲ. ಜುಲೈನಲ್ಲಿ ಮೀಟರ್ ಗಾಜಿನ ಒಳಗೆ ಆವಿ ಕಟ್ಟಿ ಅಂಕಿಗಳೇ ಕಾಣದಾದವು. ಕಂಪ್ಯೂಟರಿನಲ್ಲಿ ನನ್ನ ಸರ್ವಿಸ್ ತಾರೀಖುಗಳನ್ನು ನೋಡಿ, ಒಂದು ಮಾತೂ ಆಡದೆ ಹೊಸ ಮೀಟರ್ ಕೂರಿಸಿದರು, ಪುಕ್ಕಟೆ. ಅವತ್ತಿನಿಂದ ಸರ್ವಿಸ್ ಬಿಲ್ಲನ್ನು ಆ ದಾಖಲೆಯ ಬೆಲೆ ಅಂದುಕೊಂಡೇ ಕಟ್ಟುತ್ತೇನೆ. ಹೊಸ ಮೀಟರು ಸೊನ್ನೆಯಿಂದ ಶುರುವಾಯ್ತು; ಹಳೆಯ 7,214ನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡೆ.

ಚೈನ್ ಮಾತ್ರ ಅವರ ಕೈಗೆ ಕೊಡೋದಿಲ್ಲ. ಎರಡನೇ ಸರ್ವಿಸಿನಿಂದ ಬರುವಾಗ ಹಿಂದೆ ಹೆಂಡತಿ ಕೂತಿದ್ದಳು, ಪ್ರತಿ ಹಂಪಿನಲ್ಲೂ ಕೆಳಗಿನಿಂದ ‘ಕಟ್’ ಅಂತ ಸದ್ದು. ಮನೆಗೆ ಬಂದು ಮಗಳ ಸ್ಕೇಲ್ ಹಿಡಿದು ನೋಡಿದರೆ ಚೈನ್ ನಡುವೆ ಆಟ (ಮೇಲೆ ಕೆಳಗೆ ಅಲ್ಲಾಡುವಷ್ಟು ಸಡಿಲ) 10 ಮಿ.ಮೀ. ಕೂಡ ಇಲ್ಲ. ಪುಸ್ತಕದಲ್ಲಿರೋದು 25ರಿಂದ 30. ಗಾಡಿ ಡಬಲ್ ಸ್ಟ್ಯಾಂಡಿನಲ್ಲಿದ್ದಾಗ ಅದು ಸರಿಯಾಗೇ ಕಾಣುತ್ತೆ. ಭಾರ ಬಿದ್ದು ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆದ್ದಾಗ, ಚೈನ್ ಸುತ್ತುವ ಎರಡು ಹಲ್ಲುಚಕ್ರಗಳ (ಸ್ಪ್ರಾಕೆಟ್) ನಡುವಿನ ದೂರ ಹೆಚ್ಚಿ ಚೈನ್ ವೀಣೆ ತಂತಿಯ ಹಾಗೆ ಬಿಗಿಯುತ್ತೆ. ಆ ಎಳೆತ ತಿನ್ನೋದು ಗೇರ್‌ಬಾಕ್ಸಿನ ಬೇರಿಂಗನ್ನು. ಆಕ್ಸಲ್ ನಟ್ ಸಡಿಲಿಸಿ, ಎರಡೂ ಕಡೆಯ ಗುರುತು ಒಂದೇ ಗೆರೆಗೆ ತಂದು ಬಿಗಿಯೋದು ಇಪ್ಪತ್ತು ನಿಮಿಷದ ಕೆಲಸ. 500 ಕಿ.ಮೀ.ಗೊಮ್ಮೆ ಸೀಮೆಎಣ್ಣೆಯಲ್ಲಿ ಒರೆಸಿ 90 ನಂಬರ್ ಗೇರ್ ಆಯಿಲ್ ಹಚ್ಚೋದು, ಅಂದರೆ ಹೆಚ್ಚುಕಡಿಮೆ ಪ್ರತಿ ಭಾನುವಾರ. ಆಗುಂಬೆ ಮಳೆಯಲ್ಲಿ ವಾರದ ನಡುವೆ ಇನ್ನೊಮ್ಮೆ. ಹಳೇ ಬನಿಯನ್ ಒಂದೂ ಉಳಿದಿಲ್ಲ.

ಆಯಿಲ್ ಕೂಡ ನೀವೇ ಬದಲಾಯಿಸಬಹುದಲ್ವಾ ಅಂತ ಸ್ಟಾಫ್ ರೂಮಿನಲ್ಲಿ ಕೇಳ್ತಾರೆ. ಹಿಂದಿನ ಸ್ಪ್ಲೆಂಡರಿಗೆ ಮಾಡಿದ್ದೆ. ಸೋರಬಾರದು ಅಂತ ಉದ್ದನೆ ಪಾನಾ ಹಾಕಿ ಡ್ರೈನ್ ಬೋಲ್ಟ್ ಬಿಗಿದೆ, ಎಂಜಿನ್ನಿನ ಅಲ್ಯೂಮಿನಿಯಂ ಮೈಯ ಥ್ರೆಡ್ಡೇ ಕಿತ್ತು ಬಂತು. ಲೇತ್ ಅಂಗಡಿಯವನು ಸರಿ ಮಾಡೋವರೆಗೆ ಒಂದು ವಾರ ಬಸ್ಸು. ಹೊಸ ಗಾಡಿಗೆ ಹೀಗೆ ಮಾಡಿಕೊಂಡು ವಾರಂಟಿ ಕೇಳೋಕೆ ಯಾವ ಮುಖ?

ಕಾನೂನಿನ ಮಾತೂ ಬರುತ್ತೆ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿದಾಗ, ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಮಾಡುವ ಷರತ್ತು ಕೂಡದು, ಹೊರಗಿನ ತಪ್ಪು ಕೆಲಸದಿಂದ ಹಾಳಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂದಿತ್ತು. ಒಳ್ಳೇದೇ. ಆದರೆ ಅದು ಕಾರಿನ ಕೇಸು. ಅದರ ಪ್ರಿಂಟು ಹಿಡಿದು ಗ್ರಾಹಕರ ಆಯೋಗಕ್ಕೆ ಅಲೆಯೋದಕ್ಕಿಂತ ನನಗೆ ಶಿವಮೊಗ್ಗವೇ ಹತ್ತಿರ.

ಈಗ ಮೀಟರು 6,900 ತೋರಿಸುತ್ತಿದೆ. 7,214 ಕೂಡಿಸಿದರೆ 14,114. ಎರಡು ವಾರದಲ್ಲಿ ಮುಂದಿನ ಸರ್ವಿಸು, ರಜೆ ಚೀಟಿ ಕೊಟ್ಟಾಗಿದೆ. ನೇಲ್ ಪಾಲಿಶ್ ಈ ಸಲ ಕೇಳಿಯೇ ತಗೋತೀನಿ.