ಸನ್‌ರೂಫ್ ಬೀಡಿಂಗ್‌ನ ಕಿರಿಕಿರಿ: ಈವರೆಗಿನ ಕೆಲಸ

ಶನಿವಾರ

ಹಂಪ್ ಮೇಲೆ ಕಾರನ್ನು ಓರೆಯಾಗಿ ಹತ್ತಿಸಿದರೆ ತಲೆಯ ಮೇಲೆ ‘ಕಿರ್ರ್’ ಎನ್ನುತ್ತದೆ, ನೇರವಾಗಿ ಹತ್ತಿಸಿದರೆ ಸುಮ್ಮನಿರುತ್ತದೆ. ಒಂದೇ ಚಕ್ರ ಮೇಲೆದ್ದಾಗ ಬಾಡಿ ಕೂದಲೆಳೆಯಷ್ಟು ತಿರುಚಿ, ಚಾವಣಿಯ ಸನ್‌ರೂಫ್ ಗಾಜು ಮತ್ತು ಅದರ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಒಂದಕ್ಕೊಂದು ಉಜ್ಜುತ್ತವೆ. ಒಣಗಿದ ರಬ್ಬರ್ ಸಲೀಸಾಗಿ ಜಾರುವುದಿಲ್ಲ; ಅಂಟುತ್ತದೆ, ತಟ್ಟನೆ ಬಿಡುತ್ತದೆ, ಮತ್ತೆ ಅಂಟುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ, ಅಲ್ಲಿ ಕೇಳಲು ಹಿತವಾಗಿರುತ್ತದೆ ಅಷ್ಟೆ.

ಊಹೆ ಸರಿಯೇ ಎಂದು ನೋಡಲು ಗಾಜಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದೇ ರಸ್ತೆಯಲ್ಲಿ ಓಡಿಸಿದೆ. ಸದ್ದು ನಿಂತಿತು. ಆದರೆ ಅದರ ಅಡಿಯಲ್ಲಿ ಅಡಗಿದ್ದ ಇನ್ನೊಂದು ಸಣ್ಣ ಸದ್ದು ಚಾಲಕನ ಬಾಗಿಲಿನ ಕಡೆಯಿಂದ ಹೊರಬಿತ್ತು.

ಭಾನುವಾರ

ಹೆಚ್ಚು ಹೊತ್ತು ಹೋದದ್ದು ತೊಳೆಯುವುದಕ್ಕೆ. ಶಾಂಪೂ ಬೆರೆಸಿದ ನೀರಿನಲ್ಲಿ ಮೈಕ್ರೋಫೈಬರ್ ಬಟ್ಟೆ ಅದ್ದಿ, ಬೀಡಿಂಗ್‌ನ ಮಡಿಕೆಯನ್ನು ಬೆರಳಿನಿಂದ ಬಿಡಿಸುತ್ತಾ ಒರೆಸಿದಷ್ಟೂ ಕೆಂಪು ಧೂಳು ಬರುತ್ತಲೇ ಇತ್ತು. ಈ ಧೂಳಿನ ಮೇಲೆ ಗ್ರೀಸ್ ಹಚ್ಚಿದರೆ ಉಪ್ಪುಕಾಗದ ತಯಾರಿಸಿದಂತೆಯೇ ಸರಿ. ಹೇಗೂ ಗಾಜು ತೆರೆದಿತ್ತಲ್ಲ, ಮೂಲೆಯ ನೀರಿಳಿಯುವ ರಂಧ್ರಗಳಿಗೂ ಒಂದಿಷ್ಟು ನೀರು ಸುರಿದು, ಕಾರಿನ ಕೆಳಗೆ ಬೀಳುತ್ತದೆಯೇ ಎಂದು ನೋಡಿದೆ. ಒಂದರಲ್ಲಿ ನಿಧಾನವಾಗಿತ್ತು, ತೆಳುವಾದ ನೈಲಾನ್ ತಂತಿ ತೂರಿಸಿದೆ. ಇಲ್ಲಿ ಗಾಳಿಯ ಒತ್ತಡ ಬಳಸಬಾರದು: ಒಳಗಿನ ಪೈಪು ಕಳಚಿಕೊಂಡರೆ ಮಳೆನೀರು ಸೀಟಿನ ಮೇಲೆ ಸುರಿಯುತ್ತದೆ.

ಗ್ಯಾರೇಜಿನ ಹುಡುಗ, “ಸರ್, ತೆಂಗಿನೆಣ್ಣೆ ಸಾಕು” ಎಂದ. ಬೇಡವೆಂದೆ. ಅದು ಧೂಳನ್ನು ಕರೆಯುತ್ತದೆ, ಕಮಟು ವಾಸನೆಯನ್ನೂ ತರುತ್ತದೆ. ಎಂಜಿನ್ ಆಯಿಲ್, ವ್ಯಾಸಲಿನ್ ಇನ್ನೂ ಕೆಟ್ಟವು. ಬೀಡಿಂಗ್‌ಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್. ಬಿಸಿಲು, ಮಳೆ, ಓಜೋನ್ ಎಲ್ಲವನ್ನೂ ಸಹಿಸುವ ಇದು ಪೆಟ್ರೋಲಿಯಂ ಎಣ್ಣೆ ತಗುಲಿದರೆ ಮಾತ್ರ ಊದಿಕೊಂಡು ಮೆತ್ತಗಾಗುತ್ತದೆ. ಇದಕ್ಕೆ ಒಪ್ಪುವುದು ಸಿಲಿಕೋನ್ ಗ್ರೀಸ್, ಅದೂ ಬಟಾಣಿ ಕಾಳಿನಷ್ಟು. ಬಟ್ಟೆಯಿಂದ ತೆಳ್ಳಗೆ ತಿಕ್ಕಿ, ಒಂದು ಗಂಟೆ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆದೆ.

ಸ್ಪ್ರೇ ಡಬ್ಬಿ ಬಳಸುವವರೂ ಬಟ್ಟೆಗೇ ಸಿಂಪಡಿಸಿಕೊಳ್ಳುವುದು ಮೇಲು. ಸಿಲಿಕೋನ್ ಮುಂಗಾಜಿಗೆ ಹಾರಿದರೆ ವೈಪರ್ ತಡವರಿಸುತ್ತದೆ. ಬಣ್ಣದ ಮೇಲೆ ಉಳಿದರೆ ಮುಂದೆ ಪೇಂಟ್ ಮಾಡಿಸುವಾಗ ಗುಳಿ ಗುಳಿಯಾಗಿ ಬರುತ್ತದೆ. ಸನ್‌ರೂಫ್ ಹಳಿಗಳನ್ನು ನಾನು ಮುಟ್ಟಲಿಲ್ಲ. ಅವುಗಳ ಗ್ರೀಸೇ ಬೇರೆ.

ಮುಂದಿನ ವಾರ

ಮಳೆಯಲ್ಲೂ ಬಿಸಿಲಲ್ಲೂ ಓಡಿಸಿ ನೋಡಿದೆ, ಸನ್‌ರೂಫ್ ಮೌನ. ಬಾಗಿಲಿನದು ಮಾತ್ರ ಗ್ರೀಸ್ ಹಚ್ಚಿದ ಮೇಲೆ ಕಡಿಮೆಯಾಗಿ, ಮತ್ತೆ ಮರುಕಳಿಸಿತು. ಟಾರ್ಚ್ ಹಿಡಿದು ನೋಡಿದರೆ ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬದ ಬಳಿ ಬೀಡಿಂಗ್ ಒಂದು ಗೇಣಿನಷ್ಟು ಉದ್ದಕ್ಕೆ ಚಪ್ಪಟೆಯಾಗಿದೆ, ಒತ್ತಿದರೂ ಪುಟಿಯುವುದಿಲ್ಲ. ಸತ್ತ ರಬ್ಬರಿಗೆ ಗ್ರೀಸ್ ಜೀವ ಕೊಡುವುದಿಲ್ಲವಾದ್ದರಿಂದ ಹೊಸ ಬೀಡಿಂಗ್‌ಗೆ ಹೇಳಿದ್ದೇನೆ. ಅದು ಬರುವವರೆಗೆ ಆ ಜಾಗಕ್ಕೆ ಟೇಪ್.