ಹರಿದ ನಾಲ್ಕು ಹಾಳೆ

ನಗಬೇಡಿ. ಲೈಬ್ರರಿ ಪುಸ್ತಕದಿಂದ ನಾನು ಹರಿದು ಜೇಬಿಗಿಟ್ಟುಕೊಂಡ ನಾಲ್ಕು ಹಾಳೆಗಳ ವಿಷಯ, ಕೈದಿಗಳ ಸುಧಾರಣೆ. ಎರಡನೇ ವರ್ಷದ ಪರೀಕ್ಷೆಗೆ ವಾರವಷ್ಟೇ ಇತ್ತು.

ಸಿಕ್ಕಿಬಿದ್ದೆ. ದಂಡ ಕಟ್ಟಿದರೆ ಮುಗೀತು ಅಂದುಕೊಂಡಿದ್ದೆ. ಸುದ್ದಿ ಅಪರಾಧಶಾಸ್ತ್ರದ ಮೇಡಂ ಕಿವಿಗೆ ಬಿತ್ತು.

"ಯಾಕೆ ಹರಿದೆ?"

ನೋಟ್ಸ್ ಬರೆಯೋ ಅಭ್ಯಾಸವೇ ಇಲ್ಲ ಮೇಡಂ, ಅಂದೆ.

"ಸರಿ, ಅದನ್ನ ಕಲಿಸೋಣ. ಮಾರನೇ ದಿನ ಅದೇ ಪುಸ್ತಕಕ್ಕೆ ಬಂದವಳಿಗೆ ಏನು ಹೇಳ್ತೀಯ?"

ಅಂಥವಳೊಬ್ಬಳು ಇದ್ದಾಳೆ ಅನ್ನೋದೇ ನನಗೆ ಹೊಳೆದಿರಲಿಲ್ಲ. ಮೇಡಂ ಕೇಳಿದ ಮೊದಲ ಪ್ರಶ್ನೆ ಸುಧಾರಣೆಯದು. ಎರಡನೆಯದು ರೆಸ್ಟೋರೇಟಿವ್ ಜಸ್ಟಿಸ್‌ನದು, ಅಂದರೆ ತಪ್ಪು ಮಾಡಿದವರು ನೊಂದವರೆದುರು ಒಪ್ಪಿಕೊಂಡು ಹಾನಿ ಸರಿಪಡಿಸುವ ನ್ಯಾಯದ್ದು.

ಪಾಠದಲ್ಲಿ ಅವರು 1974ನೇ ಇಸವಿಯನ್ನು ಬಿಡುತ್ತಲೇ ಇರಲಿಲ್ಲ. ಆ ವರ್ಷ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್‌ಸನ್, ಜೈಲಿನ ಓದು, ತರಬೇತಿ, ಕೌನ್ಸೆಲಿಂಗ್ ಇವುಗಳಿಂದ ಮತ್ತೆ ಅಪರಾಧ ಮಾಡುವವರು ಅಷ್ಟೇನೂ ಕಡಿಮೆಯಾಗಿಲ್ಲ ಅಂತ ಬರೆದರು. 1979ರಲ್ಲಿ ಅವರೇ ಆ ಮಾತನ್ನು ತಿದ್ದಿಕೊಂಡರು. ತಿದ್ದುಪಡಿಯನ್ನು ಯಾರು ಓದುತ್ತಾರೆ, ಅಲ್ವಾ?

ಅದೇ 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಇಬ್ಬರು ಹುಡುಗರು ಕುಡಿದು 22 ಕಡೆ ಹಾನಿ ಮಾಡಿದ್ದರು. ಕಿಟಕಿ ಒಡೆದಿದ್ದರು, ಟೈರು ಸೀಳಿದ್ದರು. ನ್ಯಾಯಾಧೀಶರು ಅವರನ್ನು, ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ಕಣ್ಣಿಡುವ ಪ್ರೊಬೇಷನ್ ಅಧಿಕಾರಿಯ ಜೊತೆ ಹಾನಿಯಾದವರ ಮನೆಗಳಿಗೇ ಕಳಿಸಿದರು. ಬಾಗಿಲು ತಟ್ಟಿ 'ನಾವೇ ಮಾಡಿದ್ದು' ಅನ್ನಬೇಕು, ನಷ್ಟ ತುಂಬಿಕೊಡಬೇಕು. ನ್ಯೂಜಿಲೆಂಡ್ 1989ರಲ್ಲಿ ಮಕ್ಕಳ ಪ್ರಕರಣಗಳಿಗೆ ಕುಟುಂಬದವರನ್ನೆಲ್ಲ ಕೂರಿಸಿ ಮಾತಾಡಿಸುವ ಕ್ರಮವನ್ನು ಕಾನೂನಿನಲ್ಲೇ ತಂದಿತು.

ನನ್ನ ವಿಷಯದಲ್ಲಿ ಮೇಡಂ ಮೊದಲು ಆ ಪುಸ್ತಕಕ್ಕೆ ಬಂದಿದ್ದವಳ ಒಪ್ಪಿಗೆ ಕೇಳಿದರು. ಬೇಡ ಅಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನೊಂದವರನ್ನು ಬಲವಂತವಾಗಿ ಕೂರಿಸಿದರೆ ಅದು ಅವರಿಗೆ ಇನ್ನೊಂದು ಶಿಕ್ಷೆ.

ಒಪ್ಪಿದಳು. ಜೂನಿಯರ್. ಬೈತಾಳೆ ಅಂತ ಕಾದೆ. "ಆ ಹಾಳೆ ಇನ್ನೂ ಇವೆಯಾ?" ಅಂತಷ್ಟೇ ಕೇಳಿದಳು. ಸುಮ್ನೆ ತಲೆಯಾಡಿಸಿದೆ. ದಂಡ ಕಟ್ಟುವುದು ಎಷ್ಟು ಸುಲಭವಿತ್ತು ಅನ್ನಿಸಿದ್ದು ಆಗ.

ಹಾಗಂತ ಕ್ಷಮೆ ಕೇಳಿದ ಮಾತ್ರಕ್ಕೆ ನೋಟ್ಸ್ ಬರೆಯಲು ಬರಲಿಲ್ಲ. ಅದಕ್ಕೆ ಮೇಡಂ ಇನ್ನೊಂದು ವರ್ಷ ನನ್ನ ಬೆನ್ನು ಹತ್ತಬೇಕಾಯಿತು. ಹಾಗೇ ಎಲ್ಮೈರಾದ ಹುಡುಗರ ಕಥೆ ಹೇಳುವವರೂ ಕುಡಿತದ ಮಾತು ಬೇಗ ಮರೆಯುತ್ತಾರೆ ಅಂತ ನನಗೆ ಈಗಲೂ ತಕರಾರಿದೆ.

ಹಾಳೆಗಳ ಅಂಚು ಮಡಿಸಿ ಮಡಿಸಿ ಸವೆದಿತ್ತು. ಅವಳೆದುರೇ ಟೇಪು ಹಚ್ಚಿದೆ. ಕೈ ನಡುಗಿ ಮೂರನೆಯದು ತಲೆಕೆಳಗಾಯಿತು. ಅವಳು ನಗಲಿಲ್ಲ.

"ಕಿತ್ತು ಸರಿಯಾಗಿ ಅಂಟಿಸಿ. ನನಗೆ ನಾಳೆ ಓದೋದಿದೆ."