ಚೌಕಿಯಿಲ್ಲದ ಕಥೆ

ಕಳೆದ ಭಾನುವಾರ ಬದಿಯಡ್ಕದಲ್ಲಿ ಮದುವೆಯೂಟ ಮುಗಿಸಿ ಕೈತೊಳೆಯುತ್ತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಬಂದು, "ಮಾಷ್ಟ್ರೇ, ಆ ಕಥೆಯ ಹುಡುಗಿಯನ್ನು ಯಾಕೆ ಸಾಯಿಸಿದ್ದು?" ಎಂದು ಕೇಳಿದರು. ವಿಶೇಷಾಂಕದಲ್ಲಿ ಬಂದ ನನ್ನ ಕಥೆಯ ಕೊನೆಯ ಪುಟವನ್ನು ಹತ್ತನೆಯ ತರಗತಿಯಲ್ಲಿರುವ ಅವರ ಮಗಳು ಒಂದಕ್ಷರ ಬಿಡದೆ ನೋಟ್ ಪುಸ್ತಕಕ್ಕೆ ಇಳಿಸಿಕೊಂಡಿದ್ದಳಂತೆ.

"ಅದು ಬರೀ ಕಥೆಯಲ್ಲವಾ?" ಎಂದೆ.

"ಕಥೆ ಅಂತ ನನಗೆ ಗೊತ್ತುಂಟು. ಅವಳು ಚಂದ ಉಂಟು ಅಂತ ಬರೆದುಕೊಂಡದ್ದು."

ಪಕ್ಕದಲ್ಲಿದ್ದ ಕವಿಮಿತ್ರರು, ಓದುಗರ ಮನಸ್ಸಿಗೆಲ್ಲ ನಾವು ಹೊಣೆಯೇ ಎಂದು ನಕ್ಕರು. ತಮ್ಮ ಕವಿತೆಯಿಂದ ಒಬ್ಬರ ಬದುಕೇ ಬದಲಾಯಿತೆಂದು ಊರಿಡೀ ಹೇಳಿಕೊಂಡು ಬರುವವರೂ ಅವರೇ.

ಚಂದ ಉಂಟು ಎಂಬ ಆ ಮಾತು ವಾರವಿಡೀ ನನ್ನನ್ನು ಬಿಡಲಿಲ್ಲ. ಸ್ಟೀಫನ್ ಕಿಂಗ್ 1977ರಲ್ಲಿ ಬೇರೆ ಹೆಸರಿನಿಂದ ಪ್ರಕಟಿಸಿದ, ಶಾಲೆಯಲ್ಲಿ ಗುಂಡು ಹಾರಿಸುವ ಹುಡುಗನ ಕಥೆಯಾದ 'ರೇಜ್' ಕಾದಂಬರಿಯ ಒಂದು ಪ್ರತಿ, 1997ರಲ್ಲಿ ಅಮೆರಿಕದ ಕೆಂಟಕಿಯ ಶಾಲೆಯೊಂದರಲ್ಲಿ ಗುಂಡು ಹಾರಿಸಿದ ಹುಡುಗನ ಬಳಿ ಸಿಕ್ಕಿತ್ತು. ಪುಸ್ತಕವೇ ಕೊಲ್ಲಿಸಿತೆಂದು ಒಪ್ಪದಿದ್ದರೂ ಅವರು ಅದರ ಮುದ್ರಣವನ್ನು ನಿಲ್ಲಿಸಿದರು. ನನಗೆ ಅಷ್ಟು ದೂರ ಹೋಗುವ ಮನಸ್ಸಿಲ್ಲ, ಕತ್ತಲನ್ನು ಬರೆಯಬಾರದೆಂದರೆ ನಮ್ಮ ಯಕ್ಷಗಾನದ ಅರ್ಧ ಪ್ರಸಂಗಗಳನ್ನೇ ಕಟ್ಟಿಡಬೇಕಾಗುತ್ತದೆ. ಆದರೆ ಬಾಲ್ಯದಲ್ಲಿ ಕುಂಬಳೆಯ ಕಡೆಯ ಆಟವೊಂದರಲ್ಲಿ ಬಣ್ಣದ ವೇಷ ಕಂಡು ನಾನು ಚೀರಿದಾಗ, ಅಜ್ಜ ನನ್ನನ್ನು ಎತ್ತಿಕೊಂಡು, ವೇಷ ಕಟ್ಟುವ ಬಿಚ್ಚುವ ಚೌಕಿಗೆ ಹೋಗಿ, ಆ ರಾಕ್ಷಸನೇ ಕನ್ನಡಿಯ ಮುಂದೆ ಕುಳಿತು ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದುದನ್ನು ತೋರಿಸಿದ್ದರು. ರಾತ್ರಿ ಒಬ್ಬಳೇ ಕುಳಿತು ಓದುವ ಹುಡುಗಿಗೆ ಚೌಕಿಯನ್ನು ಯಾರು ತೋರಿಸಬೇಕು?

ಕಥೆಯನ್ನು ತೆಗೆದು ಮತ್ತೆ ಓದಿದೆ. ಅಡಿಕೆ ತೋಟದ ಮೇಲೆ ಬೀಳುವ ಮಳೆಯನ್ನೂ ಆ ಸಾವನ್ನೂ ಒಂದರೊಳಗೊಂದು ಹೆಣೆಯಲು ನಾಲ್ಕು ದಿನ ತಿದ್ದಿದ್ದೆ. ಮರುದಿನ ಬೆಳಿಗ್ಗೆ ಎದ್ದ, ಕಥೆಯ ಹುಡುಗಿಯ ತಾಯಿಗೆ ಅರ್ಧ ವಾಕ್ಯವನ್ನೂ ಕೊಟ್ಟಿರಲಿಲ್ಲ.

ನಿನ್ನೆ ಸಂಜೆ ಅವರ ಮನೆಗೆ ಹೋದೆ. "ಮಳೆಯ ಬಗ್ಗೆ ಪ್ರಬಂಧಕ್ಕೆ ಆಗ್ತದೆ ಅಂತ ಬರೆದದ್ದು ಮಾಷ್ಟ್ರೇ" ಎಂದಳು ಮಗಳು. ಇರಬಹುದು. ಆದರೆ ನನ್ನ ಮಳೆಯ ಸಾಲುಗಳು ಎಲ್ಲಿ ಮುಗಿಯುತ್ತವೆಂದು ನನಗೆ ಗೊತ್ತು, ಅವಳ ಅಕ್ಷರಗಳು ಅಲ್ಲಿಗೆ ನಿಂತಿರಲಿಲ್ಲ. ಚಾ ಕುಡಿದ ಮೇಲೂ ನಾನು ಏಳಲಿಲ್ಲ. ಕಥೆಯ ಆ ಹುಡುಗಿ ಅಂದು ರಾತ್ರಿ ಯಾರನ್ನು ಎಬ್ಬಿಸಬಹುದಿತ್ತೆಂದು ಅವಳನ್ನೇ ಕೇಳುತ್ತ, ಅವಳು ಹೇಳಿದ್ದನ್ನು ಕೇಳಿಸಿಕೊಳ್ಳುತ್ತ, ಕತ್ತಲಾಗುವವರೆಗೂ ಜಗಲಿಯಲ್ಲೇ ಕುಳಿತಿದ್ದೆ.